28 ಟೈರ್ ಕೂರುತ್ತೆ ಅಂದರೆ ಸಾಲದು, ಸಂದು ಅಳೆಯಿರಿ

ಬಳ್ಳಾರಿಯಿಂದ ಹೊಸಪೇಟೆ ಕಡೆ ಹೋಗುವಾಗ, ಕುಡುತಿನಿ ಇನ್ನೂ ಒಂದೆರಡು ಕಿಲೋಮೀಟರ್ ಇದೆ ಎನ್ನುವಲ್ಲಿ ನನ್ನ ಸೈಕಲ್ಲಿನ ಹಿಂದುಗಡೆ ಸದ್ದು ಶುರುವಾಯಿತು. ಸರ್ರ್... ಸರ್ರ್... ಚಕ್ರ ಒಂದು ಸುತ್ತು ತಿರುಗಿದರೆ ಒಂದು ಸಲ. ಇಳಿದು ನೋಡಿದೆ. ಹಿಂದಿನ ದಿನವಷ್ಟೇ ಹಾಕಿಸಿದ್ದ ಹೊಸ 28ರ ಟೈರು, ಅಂದರೆ 28 ಎಂಎಂ ಅಗಲದ್ದು. ಅದರ ನೆತ್ತಿಗೂ ಮೇಲಿನ ಬ್ರೇಕಿಗೂ ನಡುವೆ ಎರಡು ಎಟಿಎಂ ಕಾರ್ಡ್ ಜೋಡಿಸಿ ತೂರಿಸಿದರೆ ಮುಗಿಯಿತು, ಅಷ್ಟೇ ಜಾಗ. ಟೈರಿಗೆ ಕಚ್ಚಿಕೊಂಡಿದ್ದ ಕಡಲೆಬೇಳೆ ಗಾತ್ರದ ಒಂದು ಕಲ್ಲು ಪ್ರತಿ ಸುತ್ತಿಗೂ ಬ್ರೇಕನ್ನು ಕೆರೆಯುತ್ತಿತ್ತು.

ಅಂಗಡಿಯಲ್ಲಿ ಕೇಳಿಯೇ ಹಾಕಿಸಿದ್ದೆ. ‘28 ಕುಂದರ್ತೈತಾ ಅಣ್ಣಾ?’ ಅಂದಿದ್ದಕ್ಕೆ ‘ಕುಂದರ್ತೈತ್ರೀ ಸರ, ಆರಾಮ ಕುಂದರ್ತೈತಿ’ ಅಂದಿದ್ದರು. ಸುಳ್ಳೇನಲ್ಲ, ಕೂತಿತ್ತು. ಕೂತ ಮೇಲೆ ತಿರುಗುವುದಕ್ಕೂ ಜಾಗ ಬೇಕು ಅಂತ ನಾನೂ ಯೋಚಿಸಲಿಲ್ಲ, ಅವರೂ ಹೇಳಲಿಲ್ಲ.

ಈ ಪ್ರಶ್ನೆ ಈಗ ನನ್ನೊಬ್ಬನದಲ್ಲ. ಭಾನುವಾರ ಬೆಳಿಗ್ಗೆ ಜೊತೆಗೆ ಬರುವವರಲ್ಲಿ ಹಲವರು ಬೆಂಗಳೂರಿನಿಂದಲೋ ಹೈದರಾಬಾದಿನಿಂದಲೋ ಸೆಕೆಂಡ್ ಹ್ಯಾಂಡ್ ರೋಡ್ ಬೈಕ್ ತರಿಸಿಕೊಂಡಿದ್ದಾರೆ. (ಬೈಕ್ ಅಂದರೆ ಇಲ್ಲಿ ಪೂರ್ತಿ ಕಾಲಿಂದ ತುಳಿಯುವುದೇ. ಬಾಗಿದ ಹ್ಯಾಂಡಲ್ಲಿನ, ತೆಳ್ಳನೆಯ ಟೈರಿನ ಸೈಕಲ್.) ಅವೆಲ್ಲ 23, 25ರ ಕಾಲದಲ್ಲಿ ಮಾಡಿದ ಫ್ರೇಮುಗಳು. ಈಗ ಯಾರನ್ನು ಕೇಳಿದರೂ ‘28 ಹಾಕಿ, 30 ಹಾಕಿ’ ಅನ್ನುತ್ತಾರೆ. ಸಲಹೆ ಹೊಸದು, ಫ್ರೇಮ್ ಹಳೆಯದು. ತೊಡಕು ಇರುವುದು ಇಲ್ಲೇ.

## ಟೈರಿನ ಮೇಲೆ ಬರೆದಿರುವುದು ಏನು?

ಟೈರಿನ ಪಕ್ಕದಲ್ಲಿ 700×25ಸಿ ಅಂತ ಒಂದು ಬರಹ, 25-622 ಅಂತ ಇನ್ನೊಂದು ಇರುತ್ತೆ. ನಂಬಬೇಕಾದ್ದು ಎರಡನೆಯದನ್ನು. 622 ಅಂದರೆ ರಿಮ್ಮಿನಲ್ಲಿ ಟೈರಿನ ಅಂಚು ಕೂರುವ ಜಾಗದ ವ್ಯಾಸ, ಎಂಎಂ ಲೆಕ್ಕದಲ್ಲಿ. 25 ಅಂದರೆ ಗಾಳಿ ತುಂಬಿದ ಟೈರಿನ ಅಗಲ. 700 ಅನ್ನುವುದು ಹಳೇ ಪದ್ಧತಿಯ ಹೆಸರು, ಚಕ್ರದ ಹೊರವ್ಯಾಸ ಸುಮಾರು ಅಷ್ಟಿರುತ್ತಿತ್ತು ಅಂತ. ಅಜ್ಜನ ಕಾಲದ ಕರಿ ಸೈಕಲ್ಲಿಗೆ ಬರುವ 28×1½ ಟೈರು 635ರದ್ದು. ನೋಡಲು ಎರಡೂ ಒಂದೇ ಎತ್ತರ ಕಂಡರೂ ಅದರ ಟೈರು ಇದಕ್ಕೆ ಬರುವುದಿಲ್ಲ. ಆ 28 ಇಂಚಿನದು, ನಮ್ಮ 28 ಎಂಎಂದು. ಅಂಗಡಿಯಲ್ಲಿ ಬರೀ ‘28 ಕೊಡಿ’ ಅಂದರೆ ಗೊಂದಲ ಆಗುವುದು ಇದಕ್ಕೇ.

622 ಖಚಿತ. 25 ಮಾತ್ರ ಅಂದಾಜು. ಒಂದೇ ಟೈರು ಬೇರೆ ಬೇರೆ ರಿಮ್ಮಿನ ಮೇಲೆ ಬೇರೆ ಬೇರೆ ಅಗಲ ತೋರಿಸುತ್ತೆ.

ಮಗುವಿಗೆ ಸೀರೆಯ ಜೋಳಿಗೆ ಕಟ್ಟುವುದನ್ನು ನೆನಪಿಸಿಕೊಳ್ಳಿ. ಸೀರೆಯ ಎರಡು ಅಂಚನ್ನು ಹತ್ತಿರ ಹಿಡಿದರೆ ಜೋಳಿಗೆ ಕಿರಿದಾಗಿ ಜೋತುಬೀಳುತ್ತೆ. ಅಂಚುಗಳನ್ನು ಅಗಲಿಸಿದರೆ ಹೊಟ್ಟೆಯೂ ಅಗಲವಾಗುತ್ತೆ. ಸೀರೆ ಮಾತ್ರ ಅದೇ. ಟೈರಿನ ಎರಡು ಅಂಚು ಕೂರುವುದು ರಿಮ್ಮಿನ ಎರಡು ಗೋಡೆಗಳಿಗೆ. ಆ ಗೋಡೆಗಳ ನಡುವಿನ ಅಗಲ ಒಂದು ಎಂಎಂ ಹೆಚ್ಚಿದರೆ ಟೈರಿನ ಅಗಲ ಹೆಚ್ಚುಕಡಿಮೆ ಅರ್ಧ ಎಂಎಂ ಹೆಚ್ಚುತ್ತೆ. ಹಳೇ ರೋಡ್ ಬೈಕ್ ರಿಮ್ಮುಗಳ ಒಳಗಲ 15 ಎಂಎಂ ಆಸುಪಾಸು. ಈಗಿನವು 19, 21. ಹಾಗಾಗಿ 25 ಅಂತ ಬರೆದಿರುವ ಟೈರು ಹಳೇ ರಿಮ್ಮಿನಲ್ಲಿ 25ರ ಹತ್ತಿರವೇ ಇರುತ್ತೆ, 19ರ ರಿಮ್ಮಿನಲ್ಲಿ 27ಕ್ಕೆ ಹೋಗುತ್ತೆ. 27 ಅಂದರೆ ಎಷ್ಟು ಅಂತ ನೋಡಬೇಕಾ? ಹತ್ತು ರೂಪಾಯಿ ನಾಣ್ಯದ ವ್ಯಾಸ ಸರಿಯಾಗಿ 27 ಎಂಎಂ.

ಇನ್ನೊಂದು ಮಾತು. ಹೊಸ ಟೈರು ಗಾಳಿ ತುಂಬಿಸಿಕೊಂಡು ಒಂದು ರಾತ್ರಿ ನಿಂತರೆ ಚೂರು ಹಿಗ್ಗುತ್ತೆ. ಅಂಗಡಿಯಲ್ಲಿ ಹಾಕಿದ ಕೂಡಲೇ ಅಳೆದ ಅಳತೆ ಮಾರನೇ ದಿನ ಇರುವುದಿಲ್ಲ.

## ಅಗಲ ಟೈರಿಗೆ ಇಷ್ಟೊಂದು ಹಪಹಪಿ ಯಾಕೆ?

1888ರಲ್ಲಿ ಜಾನ್ ಬಾಯ್ಡ್ ಡನ್‌ಲಪ್ ಬೆಲ್‌ಫಾಸ್ಟಿನಲ್ಲಿ ಗಾಳಿ ತುಂಬುವ ಟೈರಿಗೆ ಪೇಟೆಂಟ್ ಪಡೆದ. ಅದಾಗಿ ನೂರು ವರ್ಷ ಕಳೆದ ಮೇಲೂ ರೇಸಿನವರ ನಂಬಿಕೆ ಒಂದೇ ಇತ್ತು: ಟೈರು ಕಿರಿದಾದಷ್ಟೂ, ಗಾಳಿ ಗಟ್ಟಿಯಾದಷ್ಟೂ ವೇಗ ಜಾಸ್ತಿ. 20, 23ರ ಟೈರಿಗೆ 110, 120 ಪಿಎಸ್‌ಐ ಒತ್ತಡದ ಗಾಳಿ ಹೊಡೆಸುತ್ತಿದ್ದರು. 2010ರ ನಂತರ ಆ ನಂಬಿಕೆ ಸಡಿಲವಾಯಿತು. ರೇಸಿನವರೇ 25ಕ್ಕೆ ಬಂದರು, ಆಮೇಲೆ 28ಕ್ಕೆ.

ಕಾರಣ ತಿಳಿಯಲು ಒಂದು ಸಣ್ಣ ಲೆಕ್ಕ ಸಾಕು. ನೀವು, ಸೈಕಲ್, ನೀರಿನ ಬಾಟಲಿ ಎಲ್ಲ ಸೇರಿ 90 ಕೆಜಿ ಅಂದುಕೊಳ್ಳೋಣ. ಅದರಲ್ಲಿ ಹಿಂದಿನ ಚಕ್ರದ ಮೇಲೆ ಸುಮಾರು 50 ಕೆಜಿ ಬೀಳುತ್ತೆ. 100 ಪಿಎಸ್‌ಐ ಅಂದರೆ ಒಂದು ಚದರ ಸೆಂಟಿಮೀಟರಿಗೆ ಸುಮಾರು 7 ಕೆಜಿ ಒತ್ತಡ. 50 ಕೆಜಿ ಹೊರಲು ಟೈರು ನೆಲಕ್ಕೆ ತಾಗಬೇಕಾದ ಜಾಗ ಏಳು ಚದರ ಸೆಂಟಿಮೀಟರ್. ಆ ಹತ್ತು ರೂಪಾಯಿ ನಾಣ್ಯಕ್ಕಿಂತ ಚೂರು ದೊಡ್ಡದು, ಅಷ್ಟೇ. ಟೈರು ಕಿರಿದಿರಲಿ ಅಗಲವಿರಲಿ, ಗಾಳಿ ಅಷ್ಟೇ ಇದ್ದರೆ ಜಾಗವೂ ಹೆಚ್ಚುಕಡಿಮೆ ಅಷ್ಟೇ.

ಬದಲಾಗುವುದು ಆಕಾರ. ಕಿರಿದಾದ ಟೈರು ನೆಲಕ್ಕೆ ಒತ್ತುವ ಗುರುತು ಹುರುಳಿಕಾಯಿ ಥರ ಉದ್ದ. ಅಗಲ ಟೈರಿನದು ಬದನೆಕಾಯಿ ಥರ ಗುಂಡು. ಉದ್ದನೆಯ ಗುರುತು ಬೀಳಬೇಕಾದರೆ ಟೈರಿನ ಪಕ್ಕಗಳು ಜಾಸ್ತಿ ಮಡಚಬೇಕು. ರಬ್ಬರು ಮಡಚಿ ಬಿಚ್ಚುವಾಗಲೆಲ್ಲ ನಿಮ್ಮ ತುಳಿತದ ಒಂದು ಪಾಲು ಬಿಸಿಯಾಗಿ ಹೋಗುತ್ತೆ. ಹಾಗಾಗಿ ಗಾಳಿ ಒಂದೇ ಇದ್ದರೆ ಅಗಲದ್ದೇ ಸಲೀಸಾಗಿ ಉರುಳುತ್ತೆ.

ಹಾಗಂತ ಅಗಲ ಟೈರಿಗೆ ಅಷ್ಟೇ ಗಾಳಿ ಹೊಡೆಸಬಾರದು. ಟೈರಿನ ಬಟ್ಟೆಯ ಮೇಲೆ ಬೀಳುವ ಬಿಗಿ ಎರಡರಿಂದ ಬರುತ್ತೆ: ಒಳಗಿನ ಒತ್ತಡ, ಟೈರಿನ ದಪ್ಪ. ದಪ್ಪ ಹೆಚ್ಚಿದರೆ ಕಡಿಮೆ ಗಾಳಿಗೇ ಅಷ್ಟು ಬಿಗಿ ಬಂದುಬಿಡುತ್ತೆ. ಸಂಡೂರಿನ ಅದಿರು ಲಾರಿಯ ಟೈರಿನಲ್ಲಿ 110 ಪಿಎಸ್‌ಐ ಆಸುಪಾಸು ಗಾಳಿ ಇರುತ್ತೆ. ನಿಮ್ಮ ಹೆಬ್ಬೆರಳು ದಪ್ಪದ ಟೈರಿನಲ್ಲೂ ಹೆಚ್ಚುಕಡಿಮೆ ಅಷ್ಟೇ! ಕಿರಿದಾದ ಟೈರಿಗೆ ಭಾರ ಹೊರಲು ಬೇರೆ ದಾರಿಯೇ ಇಲ್ಲ. ಅಗಲವಾದರೆ 90ಕ್ಕೋ 75ಕ್ಕೋ ಇಳಿಸಬಹುದು.

ಇಳಿಸುವುದರ ಲಾಭ ಗೊತ್ತಾಗುವುದು ನಮ್ಮಂಥ ರಸ್ತೆಗಳಲ್ಲೇ. ಹೊಸ ಡಾಂಬರಿನ ನುಣುಪು ಹೆದ್ದಾರಿಯಲ್ಲಿ 25ಕ್ಕೂ 28ಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ. ತೋರಣಗಲ್ಲಿನಿಂದ ಸಂಡೂರಿನ ಕಡೆ ತಿರುಗಿ, ಲಾರಿ ಓಡಾಡಿ ಜಲ್ಲಿ ಎದ್ದ ಕಡೆ ನೋಡಿ. ಗಟ್ಟಿ ಟೈರು ಪ್ರತಿ ಜಲ್ಲಿಗೂ ಪುಟಿಯುತ್ತೆ. ಪುಟಿದಾಗಲೆಲ್ಲ ಸೈಕಲ್ಲೂ ನೀವೂ ಕೂದಲೆಳೆಯಷ್ಟಾದರೂ ಮೇಲೇಳಬೇಕು. ಎತ್ತುವ ಕೂಲಿ ನಿಮ್ಮ ಕಾಲಿನದು. ಮೆತ್ತಗಿನ ಟೈರು ಜಲ್ಲಿಯನ್ನು ನುಂಗಿ ಮುಂದೆ ಹೋಗುತ್ತೆ.

## ಮೇಲಿನ ಸಂದು ಮೋಸ ಮಾಡುತ್ತೆ

ಇಷ್ಟೆಲ್ಲ ಕೇಳಿದ ಮೇಲೆ 28 ಹಾಕಿಬಿಡೋಣ ಅನ್ನಿಸುತ್ತೆ, ಅಲ್ವಾ? ಆದರೆ ಹಳೇ ಫ್ರೇಮಿನಲ್ಲಿ ಇಕ್ಕಟ್ಟಿನ ಜಾಗ ನಾಲ್ಕೈದಿವೆ. ಪೆಡಲ್ ಬುಡದಿಂದ ಹಿಂದಿನ ಆಕ್ಸಲ್‌ಗೆ ಹೋಗುವ ಎರಡು ಕೊಳವೆಗಳ ನಡುವೆ ಒಂದು. ಅವನ್ನು ಚೈನ್‌ಸ್ಟೇ ಅನ್ನುತ್ತಾರೆ. ಸೀಟಿನ ಕಡೆಯಿಂದ ಇಳಿಯುವ ಎರಡು ಕೊಳವೆ ಸೀಟ್‌ಸ್ಟೇ, ಅವುಗಳ ನಡುವೆ ಅಡ್ಡ ಸೇತುವೆ ಇರುವಲ್ಲಿ ಇನ್ನೊಂದು. ಮುಂದೆ ಫೋರ್ಕಿನ ಎರಡು ಕಾಲಿನ ನಡುವೆ, ಫೋರ್ಕಿನ ನೆತ್ತಿಯ ಕೆಳಗೆ. ಕೊನೆಯದು ಬ್ರೇಕು. ರಿಮ್ಮನ್ನು ಎರಡು ಕಡೆಯಿಂದ ಹಿಡಿಯುವ ಬ್ರೇಕಾದರೆ ಅದರ ತೋಳು ಟೈರಿನ ಮೇಲೆ ಕಮಾನು ಕಟ್ಟಿರುತ್ತೆ. ಡಿಸ್ಕ್ ಬ್ರೇಕಿನ ಸೈಕಲ್ಲಿಗೆ ಆ ಕಮಾನಿಲ್ಲ, ಫ್ರೇಮಿನಲ್ಲೂ ಜಾಗ ಧಾರಾಳ. ಹಾಗಾಗಿ ಈ ತಲೆನೋವು ಬಹುಪಾಲು ರಿಮ್ ಬ್ರೇಕಿನವರದ್ದು.

ನಾನು ಎಡವಿದ್ದು ಎಲ್ಲಿ ಅಂತ ಹೇಳುತ್ತೇನೆ. ಹಳೇ ಟೈರು ಅಳೆದಿದ್ದೆ, 26 ಎಂಎಂ ಇತ್ತು. ಹೊಸದು 29 ಬಂತು. ಮೂರು ಎಂಎಂ ಹೆಚ್ಚು. ಚೈನ್‌ಸ್ಟೇ ಹತ್ತಿರ ಒಂದು ಕಡೆ 6, ಇನ್ನೊಂದು ಕಡೆ 5.5 ಎಂಎಂ ಸಂದು ಇತ್ತು. ಅಗಲ ಹೆಚ್ಚಿದ್ದು ಎರಡು ಪಕ್ಕಕ್ಕೂ ಹಂಚಿಹೋಗುತ್ತೆ, ಒಂದೊಂದು ಕಡೆ ಒಂದೂವರೆ. ಉಳಿದದ್ದು 4.5 ಮತ್ತು 4. ಪಾಸು ಅಂದುಕೊಂಡೆ.

ಆದರೆ ಟೈರು ಪಕ್ಕಕ್ಕಷ್ಟೇ ಬೆಳೆಯುವುದಿಲ್ಲ, ಮೇಲಕ್ಕೂ ಬೆಳೆಯುತ್ತೆ. ಮೇಲಕ್ಕೆ ಬೆಳೆದದ್ದು ಹಂಚಿಹೋಗುವುದಿಲ್ಲ. ಟೈರಿನ ಬುಡ ರಿಮ್ಮಿಗೆ ಕಚ್ಚಿಕೊಂಡಿದೆ, ಅದು ಕೆಳಗೆ ಸರಿಯಲಾರದು. ಇರುವ ಮೂರು ಎಂಎಂ ಪೂರ್ತಿ ನೆತ್ತಿಯ ಕಡೆಗೇ ಹೋಗಬೇಕು. ಬ್ರೇಕಿನ ಕೆಳಗೆ ನನಗೆ ಇದ್ದದ್ದೇ ನಾಲ್ಕೂವರೆ. ಮೂರು ಕಳೆದರೆ ಒಂದೂವರೆ. ಅದೇ ಆ ಎರಡು ಎಟಿಎಂ ಕಾರ್ಡು.

ಹಾಗಾಗಿ ಪಕ್ಕದ ಸಂದಿಗೆ ಹೆಚ್ಚಳದ ಅರ್ಧ ಕಳೆಯಿರಿ, ಮೇಲಿನ ಸಂದಿಗೆ ಪೂರ್ತಿ ಕಳೆಯಿರಿ. ಟೈರಿನ ಎತ್ತರ ಅಗಲದಷ್ಟೇ ನಿಖರವಾಗಿ ಬೆಳೆಯುತ್ತೆ ಅಂತೇನಿಲ್ಲ, ಆದರೆ ಕೊಳ್ಳುವ ಮುಂಚೆ ಹಾಕುವ ಅಂದಾಜಿಗೆ ಇದು ಸಾಕು.

## ಎಷ್ಟು ಬಿಡಬೇಕು, ಯಾಕೆ?

ಸಾಮಾನ್ಯವಾಗಿ ರೋಡ್ ಬೈಕಿಗೆ ಸುತ್ತಲೂ ಕನಿಷ್ಠ 4 ಎಂಎಂ ಬಿಡಬೇಕು ಅನ್ನುತ್ತಾರೆ. ಫ್ರೇಮ್ ಮಾಡಿದವರು ಅದಕ್ಕಿಂತ ಜಾಸ್ತಿ ಕೇಳಿದ್ದರೆ ಅದನ್ನೇ ಪಾಲಿಸಿ. ನಿಂತ ಚಕ್ರಕ್ಕೆ ಒಂದು ಎಂಎಂ ಸಾಕಲ್ವಾ, ನಾಲ್ಕು ಯಾಕೆ?

ಚಕ್ರ ನೆಟ್ಟಗೆ ನಿಂತಿರುವುದಿಲ್ಲ, ಅದಕ್ಕೆ. ಏರಿನಲ್ಲಿ ಸೀಟಿನಿಂದ ಎದ್ದು ನಿಂತು ತುಳಿದರೆ ಚಕ್ರವೂ ಫ್ರೇಮೂ ಚೂರು ಚೂರು ಬಾಗುತ್ತವೆ. ದಿನ ಕಳೆದಂತೆ ರಿಮ್ ಬೆಂಡ್ ಆಗುತ್ತೆ. ದಾರಿಯಲ್ಲಿ ಒಂದು ಸ್ಪೋಕ್ ಮುರಿದರೆ ಚಕ್ರ ಅಲ್ಲೇ ಡೊಂಕಾಗುತ್ತೆ. ಕಡಿಮೆ ಸ್ಪೋಕಿನ ಫ್ಯಾನ್ಸಿ ಚಕ್ರವಾದರಂತೂ ಒಂದೇ ಸ್ಪೋಕಿಗೆ ಟೈರು ಫ್ರೇಮಿಗೆ ತಾಗಿ ನಿಂತೇಬಿಡಬಹುದು. ಆಮೇಲೆ ಮನೆವರೆಗೆ ಹೊತ್ತುಕೊಂಡು ಬರುವುದೇ.

ಇದರ ಮೇಲೆ, ಟೈರು ಬರಿಗೈಯಲ್ಲಿ ತಿರುಗುವುದಿಲ್ಲ. ರಸ್ತೆಯಲ್ಲಿ ಸಿಕ್ಕಿದ್ದನ್ನೆಲ್ಲ ಹೊತ್ತು ತರುತ್ತೆ. ಇದನ್ನು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮಳೆ ಬಿದ್ದ ಎರೆಹೊಲದಲ್ಲಿ ಸೈಕಲ್ ತಳ್ಳಿದವರಿಗೆಲ್ಲ ಗೊತ್ತು: ಹತ್ತು ಹೆಜ್ಜೆಗೆ ಮಣ್ಣು ಮಡ್‌ಗಾರ್ಡಿನೊಳಗೆ ಸೇರಿ ಗಟ್ಟಿಯಾಗಿ ಚಕ್ರ ನಿಲ್ಲುತ್ತೆ. ಕಡ್ಡಿ ಹುಡುಕಿ ಕೆರೆದು ತೆಗೆಯಬೇಕು, ಮತ್ತೆ ಹತ್ತು ಹೆಜ್ಜೆ. ಸಿರುಗುಪ್ಪ, ಸಿಂಧನೂರು, ಗಂಗಾವತಿ ಸುತ್ತ ಭತ್ತದ ಕೆಲಸದ ದಿನಗಳಲ್ಲಿ ಟ್ರ್ಯಾಕ್ಟರುಗಳು ಗದ್ದೆಯಿಂದ ನೇರ ಡಾಂಬರಿಗೆ ಹತ್ತುತ್ತವೆ. ರಸ್ತೆ ಮೇಲೇ ಕೆಸರಿನ ಮುದ್ದೆ ಬಿದ್ದಿರುತ್ತೆ. 4 ಎಂಎಂ ಸಂದು ಅದಕ್ಕೆ ಏನೂ ಅಲ್ಲ. ಆ ಕಡೆ ದಿನಾ ಓಡಾಡುವವರಾದರೆ ನಾನಂತೂ 6 ಬಿಡಿ ಅನ್ನುತ್ತೇನೆ, ಅದಕ್ಕಾಗಿ ಟೈರು ಒಂದು ಸೈಜು ಕಮ್ಮಿ ಆದರೂ ಸರಿ.

ಬಳ್ಳಾರಿ, ಸಂಡೂರಿನ ಕಡೆ ಕೆಸರಿಗಿಂತ ಕೆಂಪು ಧೂಳು, ಸಣ್ಣ ಜಲ್ಲಿ ಜಾಸ್ತಿ. ಇದು ಚಕ್ರ ನಿಲ್ಲಿಸುವುದಿಲ್ಲ, ಸುಮ್ನೆ ಫ್ರೇಮನ್ನು ಉಜ್ಜುತ್ತೆ. ಉಪ್ಪುಕಾಗದ ಹಚ್ಚಿದ ಹಾಗೆ. ಕಬ್ಬಿಣ, ಅಲ್ಯೂಮಿನಿಯಂ ಆದರೆ ಬಣ್ಣ ಹೋಗುತ್ತೆ. ಕಾರ್ಬನ್ ಫ್ರೇಮಾದರೆ ಎಳೆಗಳೇ ಸವೆಯುತ್ತವೆ, ಅದು ಫ್ರೇಮಿನ ಬಲಕ್ಕೇ ಕುತ್ತು.

ಹಿಂದಿನ ಚಕ್ರ ಸಿಕ್ಕಿಕೊಂಡರೆ ಜಾರಿ ನಿಲ್ಲುತ್ತೀರಿ. ಮುಂದಿನದು ಸಿಕ್ಕಿಕೊಂಡರೆ ಹ್ಯಾಂಡಲ್ ಮೇಲಿಂದ ಹಾರಿ ಬೀಳುತ್ತೀರಿ. ಫೋರ್ಕಿನ ಸಂದಿನಲ್ಲಿ ಮಾತ್ರ ಯಾವ ಜುಗ್ಗತನವೂ ಬೇಡ.

## ಅಲೆನ್ ಕೀ ಸಾಕು

ಅಳೆಯಲು ವರ್ನಿಯರ್ ಇಲ್ಲದಿದ್ದರೂ ನಡೆಯುತ್ತೆ. ಸೈಕಲ್ ಇದ್ದವರ ಮನೆಯಲ್ಲಿ ಅಲೆನ್ ಕೀ (ಬೋಲ್ಟ್ ಬಿಗಿಯುವ ಆರು ಮೂಲೆಯ ಕಡ್ಡಿ) ಸೆಟ್ ಇದ್ದೇ ಇರುತ್ತೆ. 4 ಎಂಎಂ ಕೀ ಅಂದರೆ ಅದರ ಎರಡು ಎದುರುಬದುರು ಚಪ್ಪಟೆ ಮೈಗಳ ನಡುವೆ 4 ಎಂಎಂ. ಅದೇ ನಿಮ್ಮ ಅಳತೆಗೋಲು.

ಮೊದಲು ಚಕ್ರವನ್ನು ಬಿಚ್ಚಿ ಮತ್ತೆ ಸರಿಯಾಗಿ ಕೂರಿಸಿ. ಸೈಕಲ್ ನೆಲದ ಮೇಲೆ ನಿಂತಿರುವಾಗಲೇ ಬಿಗಿ ಮಾಡಿ. ಓರೆಯಾಗಿ ಕೂತ ಚಕ್ರದ ಅಳತೆ ಹಿಡಿದು ಅರ್ಧ ದಿನ ತಲೆ ಕೆಡಿಸಿಕೊಂಡವನು ನಾನು. ಗಾಳಿ ಪೂರ್ತಿ ಇರಲಿ. ಈಗ ಕೀಯ ಉದ್ದ ತುದಿಯನ್ನು ಟೈರಿಗೂ ಫ್ರೇಮಿಗೂ ನಡುವೆ ಎಲ್ಲ ಇಕ್ಕಟ್ಟಿನ ಕಡೆ ತೂರಿಸಿ, ಚಪ್ಪಟೆ ಮೈ ಟೈರಿಗೆ ತಾಗುವ ಹಾಗೆ. ಕೀ ಅಲ್ಲೇ ಇರುವಾಗ ಚಕ್ರವನ್ನು ಕೈಯಿಂದ ನಿಧಾನಕ್ಕೆ ಒಂದು ಸುತ್ತು ತಿರುಗಿಸಿ. ಎಲ್ಲೂ ಕಚ್ಚದೆ ತಿರುಗಿದರೆ 4 ಇದೆ. ಒಂದೇ ಕಡೆ ಕಚ್ಚಿದರೆ ರಿಮ್ ಬೆಂಡ್ ಇದೆ ಅಂತ ಅರ್ಥ, ಮೊದಲು ಅದನ್ನು ತೆಗೆಸಿ.

ಇದನ್ನು ಹಳೇ ಟೈರು ಇರುವಾಗಲೇ ಮಾಡಿ. 5, 6, 8ರ ಕೀಗಳನ್ನೂ ಹಾಕಿ ನೋಡಿದರೆ ಎಲ್ಲಿ ಎಷ್ಟು ಜಾಗ ಮಿಕ್ಕಿದೆ ಗೊತ್ತಾಗುತ್ತೆ. ಅದರ ಮೇಲೆ ಅರ್ಧ ಮತ್ತು ಪೂರ್ತಿಯ ಲೆಕ್ಕ ಹಾಕಿ. ಟೈರು ಕೊಂಡಮೇಲೆ ಅಳೆಯುವುದು ನನ್ನ ಪದ್ಧತಿ, ಅದಕ್ಕೆ ಎಷ್ಟು ಖರ್ಚಾಯಿತು ಕೇಳಬೇಡಿ.

## 28 ಹಿಡಿಯದಿದ್ದರೆ?

ಎರಡು ಚಕ್ರಕ್ಕೂ ಒಂದೇ ಸೈಜು ಇರಬೇಕು ಅಂತ ಎಲ್ಲೂ ಕಾನೂನಿಲ್ಲ. ಎಷ್ಟೋ ಸೈಕಲ್ಲುಗಳಲ್ಲಿ ಮುಂದೆ ಜಾಗ ಇರುತ್ತೆ, ಹಿಂದೆ ಇರುವುದಿಲ್ಲ. ನನ್ನದೂ ಹಾಗೇ. ಫೋರ್ಕಿನಲ್ಲಿ 25 ಇದ್ದಾಗ ಮೇಲೆ 8 ಎಂಎಂ ಇತ್ತು. 28 ಹಾಕಿದ ಮೇಲೂ 5 ಉಳಿದಿದೆ. ಹಾಗಾಗಿ ಆ 28 ಈಗ ಮುಂದಿದೆ, ಹಿಂದೆ ಮತ್ತೆ ಹಳೇ 25. ಭಾರ ಜಾಸ್ತಿ ಬೀಳುವುದು ಹಿಂದೆ, ಅಗಲ ಬೇಕಾದ್ದೂ ಹಿಂದೆ, ನಿಜ. ಆದರೆ ಅಂಗೈ ಜುಮ್ಮೆನ್ನುವುದು ಕಮ್ಮಿಯಾಯಿತಲ್ಲ, ನನಗೆ ಅಷ್ಟು ಸಾಕು.

ತಡೆಯುತ್ತಿರುವುದು ಫ್ರೇಮೋ ಬ್ರೇಕೋ ನೋಡಿ. ಬರೀ ಬ್ರೇಕಾದರೆ, 28ಕ್ಕೆ ಅಂತಲೇ ಮಾಡಿದ ಈಚಿನ ಬ್ರೇಕುಗಳಲ್ಲಿ ಒಂದೆರಡು ಎಂಎಂ ಸಿಗಬಹುದು. ಫ್ರೇಮಿನ ಸೇತುವೆಯೇ ತಡೆದರೆ ಏನೂ ಮಾಡಲಾಗದು. ಅರದಿಂದ ಉಜ್ಜಿ ಜಾಗ ಮಾಡುತ್ತೇನೆ ಅನ್ನುವವರು ಸಿಗುತ್ತಾರೆ. ಬೇಡ ಅನ್ನಿ. ಗಾಳಿ ಕಮ್ಮಿ ಮಾಡಿ ಸಂದು ಹೆಚ್ಚಿಸುವುದೂ ಉಪಾಯವಲ್ಲ. ಟೈರು ಅಪ್ಪಚ್ಚಿಯಾಗುವುದು ನೆಲದ ಕಡೆ, ಬ್ರೇಕಿನ ಕಡೆ ಅಲ್ಲ.

ಚಿಕ್ಕ ಚಕ್ರ ಹಾಕಿ ಅಗಲ ಟೈರು ತುಂಬಿಸುವ ದಾರಿ ಡಿಸ್ಕ್ ಬ್ರೇಕಿನವರಿಗೆ ಮಾತ್ರ. 650ಬಿ ಅನ್ನುವ ಆ ಚಕ್ರ 584ರದ್ದು. ರಿಮ್ಮು 19 ಎಂಎಂ ಕೆಳಗೆ ಹೋಗುವುದರಿಂದ ನಮ್ಮ ಬ್ರೇಕ್ ರಬ್ಬರು ಅದನ್ನು ಮುಟ್ಟುವುದೇ ಇಲ್ಲ.

28 ಕೂತರೂ ಒಂದು ಕಿರಿಕಿರಿ ಉಳಿಯಬಹುದು. ಗಾಳಿ ತುಂಬಿದ ಟೈರು ಎರಡು ಬ್ರೇಕ್ ರಬ್ಬರಿನ ನಡುವೆ ತೂರುವುದಿಲ್ಲ. ಬ್ರೇಕಿನ ಪಕ್ಕದ ಸಣ್ಣ ಲಿವರ್ ಎತ್ತಿದರೆ ಚೂರು ಅಗಲವಾಗುತ್ತೆ. ಅದೂ ಸಾಲದಿದ್ದರೆ ಚಕ್ರ ಹಾಕಿದ ಮೇಲೆ ಗಾಳಿ ತುಂಬಬೇಕು. ಸಂದು ಸರಿಯಿದ್ದರೆ ಇದು ಅಪಾಯವೇನಲ್ಲ. ಮೀಟರ್ ತೋರಿಸುವ ದೂರವೂ ಚೂರು ಬದಲಾಗುತ್ತೆ. ಚಕ್ರದ ಒಂದು ಸುತ್ತಿಗೆ ಸುಮಾರು 19 ಎಂಎಂ ಹೆಚ್ಚು ಹೋಗುತ್ತೀರಿ, ನೂರಕ್ಕೆ ಒಂದಕ್ಕಿಂತ ಕಮ್ಮಿ.

## ಗಾಳಿ, ಬಿಸಿಲು, ಬಳ್ಳಾರಿ ಜಾಲಿ

75 ಕೆಜಿ ತೂಕದವರು 25ರ ಟೈರಿಗೆ ಹಿಂದೆ 90 ಪಿಎಸ್‌ಐ, 28ಕ್ಕೆ 75ರಿಂದ 80, ಮುಂದೆ ಅದಕ್ಕಿಂತ ಐದಾರು ಕಮ್ಮಿ ಇಟ್ಟು ಶುರು ಮಾಡಬಹುದು. ತೂಕ ಹೆಚ್ಚಿದ್ದರೆ ಏರಿಸಿ, ಕಮ್ಮಿ ಇದ್ದರೆ ಇಳಿಸಿ. ಟೈರಿನ ಮೇಲೂ ರಿಮ್ಮಿನ ಮೇಲೂ ಬರೆದ ಮಿತಿ ದಾಟಬೇಡಿ. ತೀರಾ ಇಳಿಸಿದರೆ ಗುಂಡಿಗೆ ಬಿದ್ದಾಗ ಟ್ಯೂಬು ರಿಮ್ಮಿಗೂ ನೆಲಕ್ಕೂ ನಡುವೆ ಸಿಕ್ಕಿ ಹಾವು ಕಚ್ಚಿದ ಹಾಗೆ ಜೋಡಿ ತೂತು ಬೀಳುತ್ತೆ.

ಬೇಸಿಗೆಯಲ್ಲಿ ಇನ್ನೊಂದು ಲೆಕ್ಕ ಸೇರುತ್ತೆ. ಬೆಳಿಗ್ಗೆ 25 ಡಿಗ್ರಿಯಲ್ಲಿ 90 ತುಂಬಿದ ಟೈರು 45 ಡಿಗ್ರಿಗೆ ಬಿಸಿಯಾದರೆ 97ಕ್ಕೆ ಏರುತ್ತೆ. ರಾಯಚೂರು, ಬಳ್ಳಾರಿಯ ಏಪ್ರಿಲ್ ಬಿಸಿಲಿಗೆ ಇದೇನೂ ದೊಡ್ಡ ಮಾತಲ್ಲ. ಮಿತಿಯ ಅಂಚಿಗೆ ತುಂಬಿಸಿ ಸೈಕಲ್ಲನ್ನು ಬಿಸಿಲಿಗೆ ಬಿಡಬೇಡಿ.

ಇನ್ನು ಮುಳ್ಳು. ಊರಿನ ಹೆಸರನ್ನೇ ಹೊತ್ತ ಬಳ್ಳಾರಿ ಜಾಲಿ ರಸ್ತೆಯ ಎರಡೂ ಬದಿಗೆ ನಿಂತಿದೆ, ಕೆಳಗೆ ನೆಗ್ಗಿನಮುಳ್ಳು ಹಾಸಿಕೊಂಡಿದೆ. ಟೈರು ಅಗಲವಾದರೆ ಮುಳ್ಳು ಚುಚ್ಚುವುದಿಲ್ಲ ಅಂತೇನೂ ಇಲ್ಲ. ತಡೆಯುವುದು ನೆತ್ತಿಯ ಒಳಗೆ ಕೂರಿಸಿದ ಪಟ್ಟಿ. ಅದಕ್ಕೇ ನಮ್ಮ ಕಡೆ ಪಂಕ್ಚರ್ ತಡೆಯುವ ದಪ್ಪ ಟೈರಿಗೆ ಬೇಡಿಕೆ. ಆದರೆ ಆ ಪಟ್ಟಿ, ಅದರ ಮೇಲಿನ ದಪ್ಪ ರಬ್ಬರು ಎರಡೂ ಸೇರುವುದು ಎತ್ತರಕ್ಕೆ. 25 ಅಂತಲೇ ಬರೆದಿದ್ದರೂ ರೇಸಿನ 25ಕ್ಕಿಂತ ಅದು ಮೇಲೆ ನಿಲ್ಲಬಹುದು, ಅದೂ ಸಂದು ಕಮ್ಮಿ ಇರುವ ಬ್ರೇಕಿನ ಕೆಳಗೇ. ಹಾಗಾಗಿ ಸೈಜು ಬದಲಿಸದೆ ಬರೀ ಮಾಡೆಲ್ ಬದಲಿಸಿದರೂ ಆ 4 ಎಂಎಂ ಕೀಯನ್ನು ಇನ್ನೊಮ್ಮೆ ತೂರಿಸಿ ನೋಡಿ.